ಹುಳುಮನೆಯ ಸದ್ದು

ಮಂಗಳವಾರ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದು ಹುಳುಮನೆಯ ಬಾಗಿಲು ತೆಗೆದ ಲತಾಮಣಿ ಹೊರೆ ಇಳಿಸುವುದನ್ನೇ ಮರೆತು ನಿಂತುಬಿಟ್ಟಳು. ಹಿಂದಿನ ಸಂಜೆ ಹಾಕಿದ್ದ ಸೊಪ್ಪು ಅರ್ಧಂಬರ್ಧ ತಿಂದಂತೆ ಬಿದ್ದಿತ್ತು. ಅದರ ಮೇಲೆ ರೇಷ್ಮೆಹುಳುಗಳು ಮೈ ತಿರುಚಿಕೊಂಡು, ಬಾಯಿಂದ ಹಸಿರು ನೀರು ಕಾರಿಕೊಂಡು ಸತ್ತಿದ್ದವು. ಇನ್ನೂ ಜೀವವಿದ್ದ ಕೆಲವು ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದವು. ಒಂದು ವಾರ ಕಳೆದಿದ್ದರೆ ಅವೆಲ್ಲ ಗೂಡು ಕಟ್ಟುತ್ತಿದ್ದವು.

ಅವಳ ಕೂಗು ಕೇಳಿ ಅವ್ವ ಸಿದ್ದಮ್ಮ ಓಡಿಬಂದಳು. ಅಪ್ಪ ಬೋರಲಿಂಗಯ್ಯ ಬಂದು ನೋಡಿದ. ಹೊರಗೆ ಹೋದ. ಪಕ್ಕದ ಹೊಲದ ಬದುವಿನ ಮೇಲೆ ನಿಂತು ನೂರ್ಜಹಾನಳ ಹೆಸರು ಹಿಡಿದು ಬೈಯತೊಡಗಿದ. ಸೋಮವಾರ ಅವಳು ಟೊಮೇಟೊಗೆ ಔಷಧಿ ಹೊಡೆದಿದ್ದಳು. ಊರಿಗೆ ಅಷ್ಟು ಸಾಕಾಯಿತು.

ಕೈಲಾಂಚದ ಹತ್ತಿರದ ಆ ಊರಿನಿಂದ ಸುದ್ದಿ ನಮ್ಮ ಗುಂಪಿಗೆ ಬಂದಿದ್ದು ಮಧ್ಯಾಹ್ನ. ನಮ್ಮ ಗುಂಪು ಎಂದರೆ ಪದವಿ ಕಾಲೇಜಿನ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪು. ಹೆಸರು 'ನಮ್ಮ ಬ್ಯಾಚ್ ನಮ್ಮ ಹೆಮ್ಮೆ'. ನಾನು ಯೋಗಾನಂದ, ಮಾಗಡಿಯ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುವವನು. ಆ ಗುಂಪನ್ನು ದಿನಾ ಬೈದುಕೊಳ್ಳುತ್ತಲೇ ದಿನಾ ತೆರೆದು ನೋಡುವ ಚಟ ನನ್ನದು. ಅಲ್ಲಿ ಯಾರೂ ಸುಮ್ಮನೆ ಬದುಕುವುದಿಲ್ಲ, ಎಲ್ಲರೂ 'ಅಪ್‌ಡೇಟ್' ಕೊಡುತ್ತಾರೆ. ಒಬ್ಬನ ಹೊಸ ಕಾರಿನ ಮೇಲೆ ನಿಂಬೆಹಣ್ಣು, ಇನ್ನೊಬ್ಬಳ ಮಗುವಿನ ಮೊದಲ ಹಲ್ಲು, ಮತ್ತೊಬ್ಬ ಊಟಿಗೆ ಹೋದರೆ ಅಲ್ಲಿಯ ಹಾಸಿಗೆ ಹೊದಿಕೆ. ಲತಾಮಣಿಯ ಹುಳುಗಳು ಸತ್ತ ಸುದ್ದಿಯ ಕೆಳಗೆ ಒಡೆದ ಹೃದಯಗಳೂ ಮುಗಿದ ಕೈಗಳೂ ಸಾಲುಗಟ್ಟಿ ಬಂದವು. ಅವುಗಳ ನಡುವೆಯೇ ಒಬ್ಬ ತನ್ನ ಹೊಸ ಸೋಫಾದ ಫೋಟೊ ಹಾಕಿದ. ಅದಕ್ಕೂ ಅಷ್ಟೇ ಜನ ಕೈ ಮುಗಿದರು. ನಾನು ಮೊಬೈಲನ್ನು ಬೋರಲು ಹಾಕಿದೆ.

ನನಗೆ ಅಷ್ಟು ನೋವಾಗಲು ಕಾರಣವಿತ್ತು. ಎರಡು ದಿನದ ಹಿಂದೆ, ಭಾನುವಾರ, ನಾನೂ ಆ ಹುಳುಮನೆಯೊಳಗೆ ನಿಂತಿದ್ದೆ.

ನಾವು ಮೂವರು ಹೋಗಿದ್ದೆವು. ಕನಕಪುರದ ಮಧುಕುಮಾರ್ ನಮ್ಮ ಗುಂಪಿನ ಅಡ್ಮಿನ್. ವಾರಕ್ಕೊಬ್ಬ ಸಹಪಾಠಿಯ ಮನೆಗೆ ಹೋಗಿ 'ಅಂದು ಇಂದು' ಎಂದು ರೀಲ್ಸ್ ಮಾಡಿ ಹಾಕುತ್ತಿದ್ದ. ಚನ್ನಪಟ್ಟಣದ ಅಶ್ವಥ್ ಗೊಬ್ಬರ, ಕೀಟನಾಶಕಗಳ ಅಂಗಡಿ ಇಟ್ಟವನು, ಬಾಯಿ ಬಿಟ್ಟರೆ ಕೊಂಕು. ಆ ವಾರದ ಸರದಿ ಲತಾಮಣಿಯದು. ಓದಿ ಊರಿಗೆ ಬಂದು ಹುಳ ಸಾಕಿ ಗೆದ್ದವಳು ಎಂದು ಕಾಲೇಜಿನ ಹಳೆಯ ವಿದ್ಯಾರ್ಥಿ ಸಂಘ ಈ ವರ್ಷದ ಸನ್ಮಾನಕ್ಕೆ ಅವಳನ್ನು ಆರಿಸಿತ್ತು.

"ಪೇಟ ನಿಂಗೇ ಅಂತ ಕೋಟು ಹೊಲಿಸ್ಕೊಂಡಿದ್ಯಲ್ಲೊ ಮಧು, ಇವ್ಳ ತಲೆಗೆ ಹೋಯ್ತಲ್ಲೊ!" ಎಂದು ಅಶ್ವಥ್ ದಾರಿಯುದ್ದಕ್ಕೂ ಕಿಚಾಯಿಸಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ಮಧುವೇ.

ಲತಾಮಣಿ ಬಾಗಿಲಲ್ಲೇ ನಮ್ಮ ಕಾಲು ತೊಳೆಸಿ, ಬ್ಲೀಚಿಂಗ್ ಪುಡಿ ತುಳಿಸಿ ಒಳಗೆ ಬಿಟ್ಟಳು. ಬೀಗದ ಕೈಯನ್ನು ಬಾಗಿಲಾಚೆಯ ಸುಣ್ಣದ ಡಬ್ಬದ ಹಿಂದೆ ಇಟ್ಟಳು. ಒಳಗೆ ದೇವರ ಕೋಣೆಯಂಥ ಮೌನ. ಉದ್ದುದ್ದ ರ‍್ಯಾಕುಗಳ ಮೇಲೆ ಸುಣ್ಣದ ಪುಡಿ ಬೆಳ್ಳಗೆ ಹರಡಿತ್ತು. ಹುಳುಗಳು ತಲೆ ಎತ್ತಿಕೊಂಡು ಕದಲದೆ ಕೂತಿದ್ದವು.

"ಸತ್ತೋಗವಾ ಏನೆ?" ಎಂದು ಅಶ್ವಥ್ ಕೇಳಿದ್ದ.

"ಥೂ, ಬುಡ್ತು ಅನ್ನು. ಕೊನೇ ಜ್ವರಕ್ಕೆ ಕೂತವೆ. ಪೊರೆ ಬಿಡೋಕೆ ಮುಂಚೆ ಹಿಂಗೇ ಕೂತ್ಕತವೆ, ಅದನ್ನೇ ನಾವು ಜ್ವರ ಅನ್ನಾದು. ಈಗ ಏನೂ ತಿನ್ನಲ್ಲ. ನಾಳೆ ಸಾಯಂಕಾಲಕ್ಕೆ ಎದ್ದೇಳ್ತವೆ, ಆಗ ಸೊಪ್ಪು ಹಾಕ್ತೀನಿ" ಎಂದಿದ್ದಳು ಲತಾಮಣಿ. ಆಮೇಲೆ ನಮ್ಮ ಮೂವರನ್ನೂ ಮೂಸಿ ನೋಡುವವಳಂತೆ ಹತ್ತಿರ ಬಂದು, "ಯಾರೂ ಸೆಂಟ್ ಹಾಕಿಲ್ಲ ತಾನೆ? ಇವು ಬೋ ಸೂಕ್ಷ್ಮ. ಸೊಳ್ಳೆಬತ್ತಿ ಹೊಗೆ ಕುಡುದ್ರೂ ಬೆಳಗಾಗಾದ್ರಲ್ಲಿ ಮಲಗ್ಬುಡ್ತವೆ" ಎಂದು ನಕ್ಕಿದ್ದಳು.

ಮಧು ಒಳಗೆ ಒಂದೆರಡು ನಿಮಿಷ ಮೊಬೈಲು ತಿರುಗಿಸಿ, "ಹುಳ ಅಲ್ಲಾಡ್ತಾನೇ ಇಲ್ವಲ್ಲ, ಇದ್ರಲ್ಲಿ ಏನು ತೋರ್ಸಾದು?" ಎಂದು ಹೊರಗೆ ಬಂದುಬಿಟ್ಟಿದ್ದ. ನಂತರ, ನಾಳೆ ಅಪ್ಪ ಅವ್ವ ನಾಮಕರಣಕ್ಕೆ ಹೋದರೆ ಸಂಜೆ ಡೈರಿಗೆ ಹಾಲು ತಾನೇ ಒಯ್ಯಬೇಕು ಎನ್ನುತ್ತ ಲತಾಮಣಿ ಬಡಿಸಿದ ಮುದ್ದೆ, ಅವರೆಕಾಳು ಸಾರು ಉಂಡು ಮೂವರೂ ಹೊರಟೆವು.

ಬುಧವಾರ ಸಂಜೆ ಮಧುಕುಮಾರನ ರೀಲ್ಸ್ ಬಂತು. 'ನನ್ನ ಗೆಳತಿಯ ಕಣ್ಣೀರು.' ಹಿಂದೆ ಕೊಳಲು. ಹಸಿರು ಸೊಪ್ಪಿನ ಮೇಲೆ ದಪ್ಪ ದಪ್ಪ ಹುಳುಗಳು. ಕೊಳಲಿನ ಅಡಿಯಲ್ಲಿ ಅವು ಸೊಪ್ಪು ಕಡಿಯುವ ಸರಸರ ಸದ್ದು, ಒಣ ತರಗಿನ ಮೇಲೆ ತುಂತುರು ಬಿದ್ದ ಹಾಗೆ. ಅದರ ಮೇಲೆ ಮಧುವಿನ ನಡುಗುವ ದನಿ: "ಫ್ರೆಂಡ್ಸ್, ಭಾನುವಾರ ನಾನು ಇದೇ ರೂಮಲ್ಲಿ ನಿಂತು ಈ ಸದ್ದು ಕೇಳಿದ್ದೆ. ಇವತ್ತು ಆ ಸದ್ದಿಲ್ಲ." ಅದನ್ನು ನೋಡಿ ನನ್ನ ಹೆಂಡತಿ ಅತ್ತಳು. ಸಾವಿರಾರು ಜನ ನೋಡಿದರು. ಯಾರದೋ ಮನೆಯ ಸೂತಕವನ್ನು ಇವನು ಹೀಗೆ ಹಂಚಿ ತಿನ್ನುತ್ತಿದ್ದಾನಲ್ಲ ಎಂದು ನನಗೆ ಅಸಹ್ಯವಾಯಿತು. ಅದಕ್ಕಿಂತ ಹೆಚ್ಚಿನದು ಅದರಲ್ಲಿ ನನಗೆ ಕಾಣಲಿಲ್ಲ.

ಲತಾಮಣಿಯ ಫೋನು ಮಂಗಳವಾರದಿಂದ ಆಫ್ ಆಗಿತ್ತು. ನಾನು ಸುಮನಾಳಿಗೆ ಫೋನು ಮಾಡಿದೆ.

ಸುಮನಾ ನಮ್ಮ ಬ್ಯಾಚಿನವಳೇ. ಹೊಂಗನೂರಿನ ಹುಡುಗಿ, ಈಗ ರಾಮನಗರದ ಕೋರ್ಟಿನಲ್ಲಿ ವಕೀಲೆ. ಗುಂಪಿನಲ್ಲಿದ್ದರೂ ಒಂದು ಅಪ್‌ಡೇಟನ್ನೂ ಹಾಕಿದವಳಲ್ಲ, ಯಾರದನ್ನೂ ತೆರೆದು ನೋಡಿದವಳಲ್ಲ. ಪಾಟಿ ಸವಾಲಿನಲ್ಲಿ ಅವಳ ಎದುರು ನಿಂತವರು ಕಟಕಟೆ ಇಳಿದ ಮೇಲೂ ಬೆವರು ಒರೆಸಿಕೊಳ್ಳುತ್ತಾರೆ ಎಂದು ಕೇಳಿದ್ದೆ.

"ನಾಳೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಾ. ನಿನ್ನ ಬೈಕಲ್ಲೇ ಹೋಗಾಣ" ಎಂದಳು. ಬೇರೇನೂ ಕೇಳಲಿಲ್ಲ.

ಗುರುವಾರ ನಾವು ಹೋದಾಗ ಬೋರಲಿಂಗಯ್ಯ ಜಗಲಿಯ ಮೇಲೆ ಕೂತಿದ್ದ. ತೋಟದ ಅಂಚಿನಲ್ಲಿ ಹಿಪ್ಪುನೇರಳೆ ಗಿಡಗಳು ಎದೆಯುದ್ದ ಬೆಳೆದು ನಿಂತಿದ್ದವು.

"ಇದ್ರಲ್ಲಿ ಪತ್ತೆ ಮಾಡಾದು ಏನೈತವ್ವ?" ಎಂದ. "ಸೋಮವಾರ ಅವ್ಳು ಔಷ್ದಿ ಹೊಡುದ್ಲು, ಮಂಗಳವಾರ ನಮ್ಮ ಹುಳ ಸತ್ತೊ. ಸುತ್ತ ಟೊಮೇಟೊ ಬಂದ್ಮೇಲೆ ಇಲ್ಲಿ ಹುಳ ಸಾಕಕಾಯ್ತದಾ? ನಾಳೆ ಜೇಸಿಬಿ ಬತ್ತೈತೆ. ಹಿಪ್ಪುನೇರಳೆ ಎಲ್ಲ ಕಿತ್ತಾಕುಸ್ತೀನಿ. ಹುಳದ ಮನೆಗೆ ಹುಲ್ಲು ತುಂಬುಸ್ತೀನಿ."

"ಲತಾ ಏನಂತಾಳೆ ದೊಡ್ಡಪ್ಪ?" ಎಂದು ಸುಮನಾ ಕೇಳಿದಳು.

"ಅವ್ಳೇನಂತಾಳೆ? ಮೂರು ದಿನದಿಂದ ಬಾಯೇ ಬಿಟ್ಟಿಲ್ಲ."

"ನೂರ್ಜಹಾನಕ್ಕ ಟೊಮೇಟೊ ಹಾಕಿದ್ದು ಇದೇ ಮೊದಲಾ?"

"ಇಲ್ಲ. ಇದು ಮೂರ್ನೇ ಬೆಳೆ."

"ಆಗ ಔಷಧಿ ಹೊಡೀಲಿಲ್ವಾ?"

"ಹೊಡುದ್ಲು... ಆಗ ಏನೂ ಆಗ್ನಿಲ್ಲ. ಈ ಸಲ ಆಯ್ತು. ಕೈ ತಪ್ತು."

"ಹಾಗಾದ್ರೆ ನಾಳೆ ಜೇಸಿಬಿ ಬರೋವರೆಗೂ ನಂಗೆ ಟೈಮ್ ಐತೆ" ಎಂದು ಸುಮನಾ ಎದ್ದಳು.

ಸಿದ್ದಮ್ಮ ಹುಳುಮನೆಯ ಬೀಗ ತೆಗೆದಳು. ಸತ್ತ ಹುಳುಗಳನ್ನೆಲ್ಲ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ದರು. ಖಾಲಿ ರ‍್ಯಾಕುಗಳ ಕೊನೆಯಲ್ಲಿ, ಕಿಟಕಿಯ ಪಕ್ಕ ಮಾತ್ರ ಒಂದಿಷ್ಟು ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಅವುಗಳ ಎದುರು ಲತಾಮಣಿ ಮಣೆ ಹಾಕಿಕೊಂಡು ಕೂತಿದ್ದಳು. ನಮ್ಮನ್ನು ನೋಡಿದಳು, ಏಳಲಿಲ್ಲ.

"ಇವು ಹೇಗೆ ಉಳುದ್ವು ಲತಾ?"

ಲತಾಮಣಿ ತಲೆ ಅಲ್ಲಾಡಿಸಿದಳು. ಉತ್ತರ ಕೊಟ್ಟವಳು ಸಿದ್ದಮ್ಮ. "ಗೊತ್ತಿಲ್ಲ ಕಣವ್ವ. ಬಾಗ್ಲ ಕಡೆ, ಒಳಗೋಡೆ ಕಡೆ ಇದ್ದೊ ಒಂದೂ ಉಳೀನಿಲ್ಲ. ಈ ಕಿಟ್ಕಿ ತಾವು ಇದ್ದೊ ಒಸಿ ಉಳ್ಕಂಡೊ."

"ಈ ಕಿಟಕಿ ಯಾವ ಕಡೆಗೈತೆ?"

ಸಿದ್ದಮ್ಮ ಬಾಯಿ ತೆರೆದಳು. ನಿಧಾನಕ್ಕೆ, "ನೂರ್ಜಹಾನ್ ಹೊಲದ ಕಡೀಕೆ" ಎಂದಳು.

"ಸೊಪ್ಪು ಎಲ್ಲಾ ರ‍್ಯಾಕಿಗೂ ಒಂದೇ ಹೊರೇದಾ?"

"ಹೂಂ. ಸೋಮವಾರ ಸಾಯಂಕಾಲ ಜ್ವರ ಎದ್ದೊ ಅಂತ ನನ್ ಮಗ್ಳೇ ಕುಯ್ಕಂಡು ಬಂದು ಹಾಕುದ್ಲು."

"ಆಮೇಲೆ ಮನೇಲಿ ಯಾರಿದ್ರಿ?"

"ನಾವಿಬ್ರೂ ರಾಮನಗರಕ್ಕೆ ನೆಂಟರ ಮನೆ ನಾಮಕರಣಕ್ಕೆ ಹೋಗಿದ್ದೊ. ಇವ್ಳು ಸೊಪ್ಪಾಕಿ ಬೀಗ ಹಾಕಿ ಡೈರಿಗೆ ಹಾಲು ಹಾಕಕ್ಕೆ ಹೋಗಿದ್ಲು. ಬಂದ್ಮೇಲೆ ತಿರ್ಗ ಬಾಗ್ಲು ತೆಗೀನಿಲ್ಲ. ಬೆಳಿಗ್ಗೆ ತೆಗುದ್ರೆ ಹಿಂಗೆ. ಔಷ್ದಿ ವಾಸ್ನೆ ಗಮ್ ಅಂತು."

"ಗಮ್ ಅಂತಾ, ಗಬ್ ಅಂತಾ?"

"ಅದ್ಯಾಕವ್ವ?"

"ಹೇಳು ದೊಡ್ಡವ್ವ. ಹೊಲಕ್ಕೆ ಹೊಡಿಯೋ ಔಷಧಿ ವಾಸನೆ ನಿಂಗೆ ಗೊತ್ತಿರಲ್ವಾ? ಹಾಗಿತ್ತಾ?"

ಸಿದ್ದಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಯೋಚಿಸಿದಳು. "ಇಲ್ಲ ಕಣವ್ವ. ನಿಂಬೆಹಣ್ಣಿನಂಗೆ. ಸೀ ಸೀ."

ನಾವು ಬದು ದಾಟಿ ನೂರ್ಜಹಾನಳ ಹೊಲಕ್ಕೆ ಹೋದೆವು. ಐವತ್ತರ ಆಚೀಚಿನ ಹೆಂಗಸು. ಟೊಮೇಟೊ ಗಿಡಗಳಿಗೆ ಕಡ್ಡಿ ಕಟ್ಟುತ್ತಿದ್ದವಳು ನಮ್ಮನ್ನು ನೋಡಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ನೀವೂ ಬೈಯಕ್ಕೆ ಬಂದ್ರಾ?"

"ಕೇಳಕ್ಕೆ ಬಂದ್ವಿ ಅಕ್ಕ."

"ಕೇಳ್ದೋರು ನೀವೇ ಮೊದ್ಲು. ಊರೆಲ್ಲ ಬೈತು, ಒಬ್ರೂ ಕೇಳ್ನಿಲ್ಲ." ಅವಳ ದನಿ ಒಡೆಯಿತು. "ಔಷ್ದಿ ಹೊಡಿಯೋಕೆ ಮುಂಚೆ ದಿನ ಸಿದ್ದಮ್ಮಕ್ಕಂಗೆ ಹೇಳೇ ಹೊಡೀತೀನಿ. ಈ ಸಲಾನೂ ಹೇಳಿದ್ದೆ. ಬೆಳಿಗ್ಗೇನೇ ಹೊಡುದು ಮುಗುಸ್ದೆ, ಅವ್ರು ಕಿಟ್ಕಿ ಮುಚ್ಕಂಡಿದ್ರು, ಸಾಯಂಕಾಲವೇ ತೆಗುದಿದ್ದು. ಆ ಹುಳಕ್ಕೆ ನಾನು ಕೇಡು ಬಗೀತೀನಾ? ಪ್ರತಿ ಬೆಳೇಗೂ ಮರಿಗೆ ಮೊದಲ್ನೇ ಸೊಪ್ಪು ಹಾಕಾದು ನಾನೇಯ. ನನ್ ಕೈಗುಣ ಚೆನ್ನಾಗದೆ ಅಂತ ಬೋರಲಿಂಗಣ್ಣನೇ ಕರೀತಿದ್ದ. ಅದೇ ಬಾಯಲ್ಲಿ ಈಗ ಊರಿಗೆಲ್ಲ ಕೇಳಂಗೆ ಬೈದ."

ಸುಮನಾ ಅವಳ ಔಷಧಿ ಡಬ್ಬದ ಮುಚ್ಚಳ ತೆಗೆಸಿ ಮೂಸಿದಳು. ನನಗೂ ಹಿಡಿದಳು. ಕೊಳೆತ ಬೆಳ್ಳುಳ್ಳಿಯಂಥ ನಾತ, ಎರಡು ಹೆಜ್ಜೆ ಹಿಂದೆ ಸರಿದೆ.

"ನಿಂಬೆಹಣ್ಣು ಅನ್ಸುತ್ತಾ ಯೋಗಿ?"

"ನಿಂಬೆಹಣ್ಣಿನ ವಾಸನೆ ಬರೋದು ಮನೆಯೊಳಗೆ ಸೊಳ್ಳೆ, ಜಿರಳೆಗೆ ಹೊಡಿಯೋ ಸ್ಪ್ರೇ" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ನಾಟಿತು. ಆ ಹುಳುಗಳನ್ನು ಕೊಲ್ಲಲು ಅಷ್ಟು ಸಾಕು ಎಂಬುದು ಭಾನುವಾರ ಹೋಗಿದ್ದ ನಮ್ಮ ಮೂವರಿಗೂ ಗೊತ್ತಿತ್ತು. ಹೇಳಿಕೊಟ್ಟವಳು ಲತಾಮಣಿಯೇ. ಬೀಗದ ಕೈ ಎಲ್ಲಿರುತ್ತದೆಂದೂ ನಾವು ನೋಡಿದ್ದೆವು.

ವಾಪಸು ಬರುವಾಗ ರಾಮನಗರದಲ್ಲಿ ಕಾಫಿ ಕುಡಿಯಲು ಕೂತೆವು. ಸುಮನಾ ನನ್ನನ್ನೇ ನೋಡುತ್ತಿದ್ದಳು.

"ಸೋಮವಾರ ಸಂಜೆ ಎಲ್ಲಿದ್ದೆ?"

"ನಾನಾ? ಶಾಲೇಲಿ ಪೋಷಕರ ಸಭೆ. ಹೆಡ್‌ಮಾಸ್ಟರನ್ನೇ ಕೇಳು. ನನ್ನನ್ನೂ ಅನುಮಾನಿಸ್ತೀಯಾ?"

"ಭಾನುವಾರ ಊಟ ಮಾಡಿದ ಮೂವರನ್ನೂ. ಅಶ್ವಥ್?"

"ಅವನೇ ಇರ್ಬೇಕು" ಎಂದೆ. ಅವನೇ ಆಗಿರಲಿ ಎಂದು ನನಗೆ ಆಸೆಯೂ ಇತ್ತು, ಅಷ್ಟು ಕೊಂಕು ಮಾತಾಡುತ್ತಿದ್ದ. "ವಿಷ ಮಾರೋದೇ ಅವನ ಕಸುಬು."

"ವಿಷ ಮಾರೋನು ನಿಂಬೆಹಣ್ಣಿನ ಸ್ಪ್ರೇ ಯಾಕೆ ಹಿಡ್ಕೊಂಡು ಬರ್ತಾನೆ? ಅವನ ಅಂಗಡೀಲಿರೋದು ಹೊಡೆದಿದ್ರೆ ತಪ್ಪು ಸೀದಾ ನೂರ್ಜಹಾನಕ್ಕನ ಮೇಲೇ ಬೀಳ್ತಿತ್ತು, ವಾಸನೆ ಸಮೇತ." ಅವಳು ಕಾಫಿ ಲೋಟ ಕೆಳಗಿಟ್ಟಳು. "ಮಧು?"

"ಅವ್ನು ಬಿಡು, ಅತ್ಕೊಂಡು ರೀಲ್ಸ್ ಮಾಡಿದ್ದಾನೆ. ನೋಡ್ಲಿಲ್ವಾ?"

"ಅವನ ರೀಲ್ಸ್ ನಾನ್ಯಾಕೆ ನೋಡ್ಲಿ? ತೋರಿಸು."

ತೋರಿಸಿದೆ. ಅವಳು ಒಂದು ಸಲ ನೋಡಿದಳು. ಇನ್ನೊಂದು ಸಲ ಹಾಕಿಸಿ ಮೊಬೈಲನ್ನು ಕಿವಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಅವಳ ಮುಖದಲ್ಲಿ ಏನೋ ಕಹಿ ಕಚ್ಚಿದವಳ ಭಾವ ಬಂತು.

"ಭಾನುವಾರ ಆ ರೂಮು ಹೇಗಿತ್ತು ಯೋಗಿ? ನೋಡಿದ್ದು, ಕೇಳಿದ್ದು ಎಲ್ಲ ಹೇಳು."

ಹೇಳಿದೆ. ಅವಳು ಮೊಬೈಲನ್ನು ನನ್ನ ಕೈಗೆ ಕೊಟ್ಟಳು.

"ಲತಾ ಇದನ್ನ ನೋಡಿಲ್ಲ, ಅಲ್ವಾ?"

"ಫೋನೇ ಆಫ್."

"ಮಧುಗೆ ಫೋನ್ ಮಾಡು. ನಾಳೆ ಬೆಳಿಗ್ಗೆ ಗಿಡ ಕೀಳ್ತಾರೆ, ನಾವೆಲ್ಲ ಇರ್ತೀವಿ, ಬಂದು ಎರಡನೇ ಭಾಗ ಮಾಡು ಅನ್ನು. ಅಶ್ವಥ್‌ಗೂ ಹೇಳು."

"ಅಂಥ ಜಾಗಕ್ಕೆ ಯಾವ ಮುಖ ಇಟ್ಕೊಂಡು ಬರ್ತಾನೆ?"

"ಓಡಿ ಬರ್ತಾನೆ ನೋಡು" ಎಂದಳು ಸುಮನಾ.

ಶುಕ್ರವಾರ ಬೆಳಿಗ್ಗೆ ಓಡಿಯೇ ಬಂದಿದ್ದ. ಹೊಸ ಬಿಳಿ ಅಂಗಿ, ಕಾಲರಿಗೆ ಸಿಕ್ಕಿಸುವ ಮೈಕು, ಮೂರು ಕಾಲಿನ ಸ್ಟ್ಯಾಂಡು. ಜೇಸಿಬಿ ತೋಟದ ಅಂಚಿನಲ್ಲಿ ನಿಂತಿತ್ತು. "ಇದನ್ನ ಒಸಿ ಸ್ಟಾರ್ಟ್ ಮಾಡಿ ಬಿಡಿ ಅಣ್ಣ, ಹಿಂದೆ ಸೌಂಡ್ ಬರ್ಲಿ" ಎಂದು ಡ್ರೈವರಿಗೆ ಹೇಳುತ್ತಿದ್ದ. ನಾನು ಮುಖ ತಿರುಗಿಸಿದೆ. ಅಶ್ವಥ್ ದೂರ ನಿಂತು ನೆಲ ನೋಡುತ್ತಿದ್ದ, ಕೊಂಕು ಎಲ್ಲ ಇಂಗಿಹೋಗಿತ್ತು.

ಬೋರಲಿಂಗಯ್ಯ, ಸಿದ್ದಮ್ಮ ಹುಳುಮನೆಯ ಮುಂದೆ ನಿಂತಿದ್ದರು. ಲತಾಮಣಿಯನ್ನು ಸುಮನಾ ಕೈಹಿಡಿದು ಹೊರಗೆ ಕರೆತಂದಳು. ನೂರ್ಜಹಾನ್ ತನ್ನ ಹೊಲದಲ್ಲೇ, ಬದುವಿನಾಚೆ ನಿಂತು ಇತ್ತಲೇ ನೋಡುತ್ತಿದ್ದಳು.

"ದೊಡ್ಡಪ್ಪ, ಒಂದೇ ಒಂದು ಗಳಿಗೆ" ಎಂದಳು ಸುಮನಾ. "ಮಧು, ನಿನ್ನ ರೀಲ್ಸ್ ಇವರು ಯಾರೂ ನೋಡಿಲ್ಲ. ಎರಡನೇ ಭಾಗಕ್ಕೆ ಮುಂಚೆ ಮೊದಲನೇದು ತೋರಿಸು."

ಮಧುವಿನ ಮುಖ ಅರಳಿತು. "ನೋಡಿದ್ರೆ ಅತ್ಬಿಡ್ತಾರೆ."

"ಅಳ್ಲಿ. ಮೊದಲು ಹೇಳು, ಅದನ್ನ ಯಾವತ್ತು ತೆಗೆದಿದ್ದು?"

"ಭಾನುವಾರ. ಇವ್ರೂ ಇದ್ರಲ್ಲ!"

"ಪೂರ್ತಿ?"

"ಪೂರ್ತಿ ಭಾನುವಾರದ್ದೇ. ಮ್ಯೂಸಿಕ್ ಮಾತ್ರ ಆಮೇಲೆ ಸೇರ್ಸಿದ್ದು."

"ಹುಳದ ಸದ್ದು?"

"ಒರಿಜಿನಲ್! ಅದೇ ಅದ್ರ ವಿಶೇಷ. ಎಷ್ಟು ಜನ ಕಮೆಂಟ್ ಹಾಕವ್ರೆ ಗೊತ್ತಾ ಆ ಸೌಂಡ್‌ಗೆ?"

"ಭಾನುವಾರ ಆದ್ಮೇಲೆ ಈ ಕಡೆ ಬಂದಿದ್ಯಾ?"

"ಇಲ್ಲ. ಇವತ್ತೇ."

"ಸರಿ, ಹಾಕು."

ಕೊಳಲು ಕೇಳಿಸಿತು. ಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲತಾಮಣಿ ಮೊದಲು ಪರದೆಯ ಕಡೆ ನೋಡಲೇ ಇಲ್ಲ. ಕೊಳಲಿನ ಅಡಿಯಿಂದ ಆ ಸರಸರ ಸದ್ದು ಎದ್ದ ಕೂಡಲೇ ಥಟ್ಟನೆ ತಲೆ ಎತ್ತಿದಳು. ಮೊಬೈಲನ್ನು ಮಧುವಿನ ಕೈಯಿಂದ ಕಿತ್ತುಕೊಂಡಳು.

"ಇದು ಭಾನುವಾರದ್ದಲ್ಲ" ಎಂದಳು. ಮಂಗಳವಾರದಿಂದ ಅವಳಾಡಿದ ಮೊದಲ ಮಾತು ಅದು. "ಭಾನುವಾರ ಹುಳ ಜ್ವರದಲ್ಲಿದ್ವು. ಒಂದು ಎಲೆ ಸೊಪ್ಪೂ ಹಾಕಿರಲಿಲ್ಲ. ಬರೀ ಸುಣ್ಣ ಇತ್ತು. ಇಲ್ಲಿ ಸೊಪ್ಪೈತೆ. ತಿಂತಾವೆ. ಅಪ್ಪಾ, ಇವು ಜ್ವರ ಎದ್ದಿರೋ ಹುಳ!"

ಬೋರಲಿಂಗಯ್ಯ ಬಗ್ಗಿ ನೋಡಿದ. ಹುಟ್ಟಿದಾಗಿನಿಂದ ಹುಳ ನೋಡಿದವನು. ನೆಟ್ಟಗಾದಾಗ ಅವನ ಕಣ್ಣು ಮಧುವಿನ ಮೇಲಿತ್ತು.

"ಜ್ವರ ಎದ್ದಿದ್ದು ಸೋಮವಾರ ಸಾಯಂಕಾಲ" ಎಂದಳು ಸುಮನಾ. "ಸೊಪ್ಪು ಹಾಕಿದ್ದೂ ಆಗಲೇ. ಬೆಳಗಾಗೋದ್ರೊಳಗೆ ಸತ್ತಿದ್ವು. ಅಂದ್ರೆ ಈ ಸದ್ದು ಆ ರೂಮಲ್ಲಿ ಇದ್ದದ್ದು ಸೋಮವಾರ ಸಂಜೆ ಮಾತ್ರ. ಲತಾ ಡೈರಿಗೆ ಹೋಗಿದ್ದಾಗ ಬೀಗ ತೆಗೆದು ಒಳಗೆ ನಿಂತವನ ಮೊಬೈಲಿಗೆ ಮಾತ್ರ ಇದು ಸಿಗೋಕೆ ಸಾಧ್ಯ. ರೇಷ್ಮೆ ಗೊತ್ತಿರೋರು ಯಾರೂ ನಿನ್ನ ರೀಲ್ಸ್ ನೋಡ್ಲಿಲ್ಲ ಮಧು. ನಿನ್ನ ರೀಲ್ಸ್ ನೋಡ್ದೋರಿಗೆ ಯಾರಿಗೂ ರೇಷ್ಮೆ ಗೊತ್ತಿರಲಿಲ್ಲ. ಅದಕ್ಕೇ ಎರಡು ದಿನ ಬಚಾವಾದೆ."

"ಅದು... ಇಂಟರ್‌ನೆಟ್ಟಿಂದ ತಗೊಂಡಿದ್ದು" ಎಂದ ಮಧು.

"ಒರಿಜಿನಲ್ ಅಂದೆ ಈಗಷ್ಟೆ. ಅದೂ ಅಲ್ದೆ, ಹಿಂದೆ ಕಾಣ್ತಿರೋದು ಇದೇ ಕಿಟಕಿ. ಆ ಕಿಟಕಿ ಹತ್ರ ಇದ್ದ ಹುಳ ಹೊರಗಿನ ಗಾಳಿಗೆ ಒಂದಿಷ್ಟು ಉಳ್ಕೊಂಡ್ವು. ಬಾಗಿಲ ಕಡೆಯವು, ಒಳಗಿನವು ಎಲ್ಲ ಸತ್ತವು. ವಿಷ ನೂರ್ಜಹಾನಕ್ಕನ ಹೊಲದಿಂದ ಬಂದಿದ್ರೆ ಮೊದಲು ಸಾಯ್ಬೇಕಾದ್ದು ಕಿಟಕಿ ಹತ್ರದವು. ಬೆಳಿಗ್ಗೆ ದೊಡ್ಡವ್ವನ ಮೂಗಿಗೆ ಬಡಿದದ್ದು ನಿಂಬೆಹಣ್ಣಿನ ವಾಸನೆ. ಮನೇಲಿ ಸೊಳ್ಳೆಗೆ ಹೊಡಿಯೋ ಸ್ಪ್ರೇ. ಸೊಳ್ಳೆಬತ್ತಿ ಹೊಗೆಯೂ ತಡೆಯಲ್ಲ ಅಂತ ಲತಾ ನಿಮಗೆ ಎಚ್ಚರಿಕೆ ಹೇಳಿದ್ದಳು. ನೀನು ಅದನ್ನ ಉಪಾಯ ಅಂದ್ಕೊಂಡೆ."

"ನಾನ್ಯಾಕೆ ಮಾಡ್ಲಿ? ನಂಗೇನು ಲಾಭ?" ಅವನ ದನಿ ಏರಿತು.

"ದೊಡ್ಡವ್ವ, ಕಾಲೇಜಿಂದ ಏನಾದ್ರೂ ಫೋನ್ ಬಂದಿತ್ತಾ?"

"ಬುಧವಾರ ನನ್ ಫೋನಿಗೇ ಬಂದಿತ್ತು" ಎಂದಳು ಸಿದ್ದಮ್ಮ. "ಬೆಳೆ ಹೋಯ್ತಂತಲ್ಲ, ಸಮಾರಂಭದ ದಿನ ನಿಮ್ಮನೆಗೆ ಬಂದು ಗೂಡು ನೋಡಾದೂ ಇತ್ತು, ಈ ವರ್ಸ ಬ್ಯಾಡ, ಬೇರೆಯೋರಿಗೆ ಮಾಡ್ತೀವಿ ಅಂದ್ರು."

"ಬೇರೆಯೋರು ಯಾರು ಅಂತ ನಂಗೊತ್ತು" ಎಂದ ಅಶ್ವಥ್. ಇಷ್ಟು ಹೊತ್ತು ಸುಮ್ಮನಿದ್ದವನು ಮುಂದೆ ಬಂದ. "ನಿನ್ನೆ ಇವ್ನೇ ನಂಗೆ ಮೆಸೇಜ್ ಹಾಕವ್ನೆ, ಸನ್ಮಾನ ನಂಗೇ ಬಂತು, ಪೇಟ ಯಾವ ಬಣ್ಣದ್ದು ಚೆನ್ನಾಗಿರ್ತದೆ ಅಂತ. ಥೂ ನಿನ್ನ! ಒಂದು ಶಾಲು, ಒಂದು ಹಣ್ಣಿನ ಬುಟ್ಟಿಗೋಸ್ಕರ ಇಷ್ಟು ಜೀವ ತೆಗುದ್ಯಾ? ಭಾನುವಾರ ಇವ್ಳ ಕೈಲಿ ಮುದ್ದೆ ಉಂಡ್ಯಲ್ಲೋ!"

ಮಧು ಎಲ್ಲರ ಮುಖ ನೋಡಿದ. ಅಳಲಿಲ್ಲ, ನಾಚಲಿಲ್ಲ. ಅಂಗಿಯ ಮೈಕನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಏನ್ ಮಹಾ ಆಗೋಯ್ತು ಈಗ? ಮುಂದಿನ ತಿಂಗ್ಳು ಇನ್ನೊಂದು ಬೆಳೆ ತಗೀತಾಳೆ. ಅವ್ಳಿಗೆ ಸನ್ಮಾನ ಯಾಕೆ ಬೇಕು? ಏಳು ವರ್ಷದಿಂದ ಎಲ್ರ ಅಪ್‌ಡೇಟ್ ಹಾಕಿ ಹಾಕಿ ಗುಂಪು ಕಟ್ದೋನು ನಾನು, ನಂದು ಒಬ್ರಾದ್ರೂ ಕೇಳಿದ್ದೀರಾ? ಇವ್ಳು ಒಂದು ಹುಳದ ಫೋಟೊ ಹಾಕುದ್ಲು, ಎಲ್ರೂ ಚಪ್ಪಾಳೆ!" ಅವನು ಉಗುಳು ನುಂಗಿದ. "ಹುಳ ತಾನೆ? ಹೆಂಗೂ ಗೂಡನ್ನ ಬಿಸಿನೀರಿಗೆ ಹಾಕಿ ಸಾಯ್ಸೋವೇ ತಾನೆ?"

ಇವನ ರೀಲ್ಸಿಗೆ ನನ್ನ ಮನೆಯಲ್ಲಿ ಕಣ್ಣೀರು ಬಿದ್ದಿತ್ತು ಎಂಬುದನ್ನು ನೆನೆದು ಮೈ ಉರಿಯಿತು.

ಲತಾಮಣಿ ಮೊಬೈಲನ್ನು ಸುಮನಾಳ ಕೈಗೆ ಕೊಟ್ಟಳು. ಆಮೇಲೆ ಮಧುವಿನ ಎದುರು ಬಂದು ನಿಂತಳು.

"ಹೂಂ, ಸಾಯ್ತವೆ" ಎಂದಳು. "ಗೂಡು ಕಟ್ಟಿ ಸಾಯ್ತವೆ. ನೀನು ಅವಕ್ಕೆ ಗೂಡು ಕಟ್ಟೋಕೂ ಬಿಡ್ಲಿಲ್ಲ. ಹೋಗು, ನನ್ನ ಕಣ್ಮುಂದೆ ನಿಂತ್ಕಬೇಡ."

"ಎಲ್ಲಿಗೂ ಹೋಗೋಂಗಿಲ್ಲ" ಎಂದಳು ಸುಮನಾ. "ಪೊಲೀಸರಿಗೆ ಫೋನ್ ಮಾಡಿದ್ದೀನಿ. ಬೀಗ ತೆಗೆದು ಒಳಗೆ ಹೊಕ್ಕಿದ್ದಕ್ಕೂ ಬೆಳೆ ಹಾಳು ಮಾಡಿದ್ದಕ್ಕೂ ದೂರು ಬರೆದಿಟ್ಟಿದ್ದೀನಿ. ಈ ಮೊಬೈಲು ಅವರ ಕೈಗೇ ಹೋಗೋದು."

ಅಶ್ವಥ್ ಹೋಗಿ ಮಧುವಿನ ಬೈಕಿನ ಮೇಲೆ ಕೂತುಕೊಂಡ. ಪೊಲೀಸರು ಬರುವ ತನಕ ಇಳಿಯಲಿಲ್ಲ.

ಬೋರಲಿಂಗಯ್ಯ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಬದುವಿನ ಕಡೆಗೆ ತಿರುಗಿ ನಿಂತಿದ್ದ. ಜೇಸಿಬಿಯ ಡ್ರೈವರ್ ಇಳಿದು ಬಂದು, "ಯಾವ ಮೂಲೆಯಿಂದ ಶುರು ಮಾಡ್ಲಿ ಗೌಡ್ರೆ?" ಎಂದು ಕೇಳಿದ.

"ವಾಪಸ್ ತಗಂಡು ಹೋಗಪ್ಪ. ಗಿಡ ಕೀಳಕ್ಕಿಲ್ಲ" ಎಂದ ಬೋರಲಿಂಗಯ್ಯ.

ಅವನು ನಿಧಾನವಾಗಿ ಬದುವಿನ ತನಕ ನಡೆದ. ನೂರ್ಜಹಾನ್ ಕದಲಲಿಲ್ಲ. ನಾವು ಇತ್ತ ನಿಂತು ಕೇಳುತ್ತಿದ್ದೆವು.

"ತಪ್ಪಾಯ್ತು ಕಣಮ್ಮ" ಎಂದ, ನಮಗೆ ಕೇಳಿಯೂ ಕೇಳದ ಹಾಗೆ. "ಮುಂದಿನ ಬೆಳೆಗೆ ಮರಿ ಬಂದಾಗ ನೀನೇ ಬಂದು ಮೊದಲ್ನೇ ಸೊಪ್ಪು ಹಾಕ್ಬೇಕು."

ನೂರ್ಜಹಾನ್ ಕೈಯಲ್ಲಿ ಹಿಡಿದಿದ್ದ ಹುರಿಹಗ್ಗವನ್ನು ಸುತ್ತಿ ಸುತ್ತಿ ಉಂಡೆ ಮಾಡಿದಳು.

"ಬೈದಾಗ ಹೆಂಗೆ ಬೈದೆ ಬೋರಲಿಂಗಣ್ಣ? ಊರಿಗೆಲ್ಲ ಕೇಳಂಗೆ ಬೈದೆ. ಕರೆಯೋದಾದ್ರೂ ಅಂಗೇ ಕರಿ."

ಬೋರಲಿಂಗಯ್ಯ ಸುತ್ತ ನೋಡಿದ. ಜೇಸಿಬಿ ನೋಡಲು ಬಂದ ಊರಿನವರು ಅಲ್ಲಲ್ಲಿ ನಿಂತಿದ್ದರು. ಸಿದ್ದಮ್ಮ ತಲೆ ತಗ್ಗಿಸಿದಳು. ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಅದೇ ಬದುವಿನ ಮೇಲೆ ಹತ್ತಿ ನಿಂತು ಕೂಗಿದ. ಅವಳ ಹೆಸರು ಹಿಡಿದು ಕೂಗಿದ. ತಪ್ಪು ನಂದೇ ಎಂದು ಕೂಗಿದ. ಬಂದು ಸೊಪ್ಪು ಹಾಕು ಎಂದು ಕೂಗಿದ. ಆಚೆ ಬದಿಯ ಗದ್ದೆಯಲ್ಲಿದ್ದವರೂ ಕೆಲಸ ನಿಲ್ಲಿಸಿ ನೋಡಿದರು. ಲತಾಮಣಿ ನನ್ನ ಪಕ್ಕದಲ್ಲಿ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಆ ಸಂಜೆ ನಡೆದದ್ದನ್ನೆಲ್ಲ ಸುಮನಾ ಗುಂಪಿನಲ್ಲಿ ಬರೆದಳು. ಏಳು ವರ್ಷದಲ್ಲಿ ಅದೇ ಅವಳ ಮೊದಲ ಅಪ್‌ಡೇಟ್. ಎಲ್ಲರೂ ಓದಿದ್ದು ಕಾಣುತ್ತಿತ್ತು. ಒಂದು ಗಂಟೆ ಯಾರೂ ಉಸಿರೆತ್ತಲಿಲ್ಲ. ನಂತರ ಒಬ್ಬ, "ಗುಂಪಲ್ಲಿ ನೆಗೆಟಿವ್ ವಿಷಯ ಬೇಡ ಫ್ರೆಂಡ್ಸ್" ಎಂದ. ಅದಕ್ಕೆ ಹನ್ನೊಂದು ಜನ ಹೆಬ್ಬೆರಳು ಎತ್ತಿದರು. ಅದರ ಹಿಂದೆಯೇ ಇನ್ನೊಬ್ಬ ತನ್ನ ಗೃಹಪ್ರವೇಶದ ಆಹ್ವಾನ ಹಾಕಿದ, ಶುಭಾಶಯಗಳು ಸುರಿಯತೊಡಗಿದವು. ನಾನು ಗುಂಪಿನಿಂದ ಹೊರಬಂದೆ. ಆಮೇಲೆ ಸೋಪು ಹಾಕಿ ಕೈ ತೊಳೆದುಕೊಂಡೆ, ಯಾಕೋ ಹಾಗೆ ಮಾಡಬೇಕೆನಿಸಿತು.

ಮುಂದಿನ ತಿಂಗಳು ಒಂದು ಸಂಜೆ ಲತಾಮಣಿಯಿಂದ ನನಗೂ ಸುಮನಾಳಿಗೂ ಒಂದು ಆಡಿಯೊ ಬಂತು. ಅದರಲ್ಲಿ ಕೊಳಲಿರಲಿಲ್ಲ, ಮಾತಿರಲಿಲ್ಲ. ಬರೀ ಸರಸರ ಸದ್ದು. ಕೊನೆಯಲ್ಲಿ, ದೂರದಿಂದ, ನೂರ್ಜಹಾನಳ ದನಿ: "ಒಸಿ ಸೊಪ್ಪು ಇತ್ಲಾಗ್ ಹಾಕು ಮಗ, ಈ ಕಡೇವು ಹಸ್ಕಂಡವೆ."